ಹೊಟ್ಟೆಯ ಮೇಲಿನ ಬಾಯಿ: ಎರಡನೆಯ ಶಸ್ತ್ರಚಿಕಿತ್ಸೆಯ ಭಯ

ಸಸ್ಯಶಾಸ್ತ್ರದ ಮೊದಲ ಪಾಠಗಳನ್ನು ಓದಿದ ವಿದ್ಯಾರ್ಥಿಗಳಿಗೆ 'ಸ್ಟೊಮಾಟ' ಎಂಬ ಹೆಸರು ಹೊಸದಲ್ಲ. ಎಲೆಯ ಅಡಿಮೈಯಲ್ಲಿ ಗಾಳಿಯೂ ನೀರಾವಿಯೂ ಸುಳಿದಾಡುವ ಸೂಕ್ಷ್ಮ ರಂಧ್ರಗಳಿಗೆ ಆ ಹೆಸರು. ಅದರ ಏಕವಚನ 'ಸ್ಟೋಮ'. ಗ್ರೀಕ್ ಭಾಷೆಯಲ್ಲಿ ಬಾಯಿ ಎಂದು ಅರ್ಥ. ಶಸ್ತ್ರವೈದ್ಯರು ಇದೇ ಶಬ್ದವನ್ನು ಮತ್ತೊಂದು ಬಗೆಯ ಬಾಯಿಗೂ ಇಟ್ಟಿದ್ದಾರೆ. ರೋಗದಿಂದಲೋ ಅಪಘಾತದಿಂದಲೋ ಕರುಳಿನ ಕೆಳಭಾಗ ಕೆಲಸಕ್ಕೆ ಬಾರದಂತಾದಾಗ, ಅದರ ಮೇಲಿನ ಒಳ್ಳೆಯ ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರಕ್ಕೆ ತಂದು, ಚರ್ಮಕ್ಕೆ ಹೊಲಿದು, ಮಲವು ಅಲ್ಲಿಂದಲೇ ಹೊರಬೀಳುವಂತೆ ಮಾಡುತ್ತಾರೆ. ಆ ದ್ವಾರವೇ ಸ್ಟೋಮ. ದೊಡ್ಡ ಕರುಳಿನಿಂದ ಮಾಡಿದರೆ ಅದು ಕೊಲಾಸ್ಟಮಿ. ಸಣ್ಣ ಕರುಳಿನ ಕೊನೆಯ ಭಾಗದಿಂದ ಮಾಡಿದರೆ ಇಲಿಯಾಸ್ಟಮಿ.

ನೋಡಲು ಅದೊಂದು ಕೆಂಪು ಮೊಗ್ಗಿನಂತಿರುತ್ತದೆ. ಕೆನ್ನೆಯ ಒಳಮೈಯಂತೆ ಸದಾ ಒದ್ದೆ. ಚರ್ಮದಲ್ಲಿರುವಂತೆ ನೋವನ್ನು ಅರಿಯುವ ನರಾಗ್ರಗಳು ಕರುಳಿನ ಒಳಪೊರೆಯಲ್ಲಿ ಇಲ್ಲದಿರುವುದರಿಂದ ಅದನ್ನು ಮುಟ್ಟಿದರೆ ನೋಯುವುದಿಲ್ಲ. ಬಿಗಿಹಿಡಿಯುವ ಸ್ನಾಯುವಿನ ಉಂಗುರವೂ ಅದಕ್ಕಿಲ್ಲ. ಆದುದರಿಂದ ಬಂದುದನ್ನು ಬಂದಂತೆ ಹೊರಬಿಡುತ್ತದೆ. ಅದನ್ನು ಹಿಡಿಯಲು ಹೊಟ್ಟೆಗೆ ಅಂಟಿಸಿದ ಒಂದು ಚೀಲ ಬೇಕು. ಈ ಏರ್ಪಾಡಿನೊಡನೆ ಜನ ಪಾಠ ಹೇಳುತ್ತಾರೆ, ಹೊಲ ಉಳುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಪಕ್ಕದಲ್ಲಿ ಕುಳಿತವರಿಗೆ ಸಂಗತಿ ತಿಳಿಯುವುದೂ ಇಲ್ಲ. 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ಪಟ್ಟಣದಲ್ಲಿ ಡ್ಯುರೆ ಎಂಬ ವೈದ್ಯನು ಗುದದ್ವಾರವಿಲ್ಲದೆ ಹುಟ್ಟಿದ ಹಸುಳೆಯೊಂದಕ್ಕೆ ಇಂತಹ ಬಾಯಿಯನ್ನು ಮಾಡಿದನು. ಅರಿವಳಿಕೆಯ ಮದ್ದು ಇನ್ನೂ ಇಲ್ಲದಿದ್ದ ಕಾಲ ಅದು. ಆ ಮಗು ಬೆಳೆದು 45 ವರ್ಷ ಬದುಕಿತು.

ಇಷ್ಟನ್ನು ಪೀಠಿಕೆಯಾಗಿ ಹೇಳಿ, ನಮ್ಮ ಪರಿಚಯದ ಒಬ್ಬ ಉಪಾಧ್ಯಾಯರ ಸಂಗತಿಗೆ ಬರೋಣ. ದೊಡ್ಡ ಕರುಳಿನ ಹುಣ್ಣಿನ ರೋಗ ಮಿತಿಮೀರಿ, ಕೆಲವು ವರ್ಷಗಳ ಹಿಂದೆ ಅವರಿಗೆ ಒಂದು ರಾತ್ರಿ ತುರ್ತಾಗಿ ಶಸ್ತ್ರಚಿಕಿತ್ಸೆ ನಡೆದು ಇಲಿಯಾಸ್ಟಮಿ ಆಯಿತು. ಪ್ರಾಣ ಉಳಿಯಿತು, ರೋಗ ಹೋಗಿ ಮೈ ತುಂಬಿಕೊಂಡಿತು. ಆದರೆ ಮೈಯೊಡನೆ ಹೊಟ್ಟೆಯೂ ಬೆಳೆಯಿತಷ್ಟೆ! ಮೊದಲು ಮೇಲೆದ್ದಿದ್ದ ಸ್ಟೋಮ ಕ್ರಮೇಣ ಒಳಕ್ಕೆ ಸರಿದು ಚರ್ಮದ ಮಡಿಕೆಯಲ್ಲಿ ಹುದುಗಿತು. ಸಣ್ಣ ಕರುಳಿನಿಂದ ಬರುವ ದ್ರವದಲ್ಲಿ ಆಹಾರವನ್ನು ಅರಗಿಸುವ ರಸಗಳು ಇನ್ನೂ ಚುರುಕಾಗಿರುತ್ತವೆ. ಅದು ಚೀಲದ ಅಂಚಿನ ಕೆಳಗೆ ಜಿನುಗಿ ಚರ್ಮವನ್ನೇ ಅರಗಿಸಲಾರಂಭಿಸಿತು. ತರಗತಿಯ ನಡುವೆ ಎರಡು ಸಲ ಚೀಲ ಬಿಟ್ಟುಕೊಂಡಿತು. ಸ್ಟೋಮವನ್ನು ಸರಿಪಡಿಸುವ ಇನ್ನೊಂದು ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದರು. ಅಂದಿನಿಂದ ಅವರಿಗೆ ನಿದ್ರೆಯಿಲ್ಲ.

"ಮೊದಲನೆಯ ಸಲ ನನಗೇನೂ ಗೊತ್ತಿರಲಿಲ್ಲ, ಎತ್ತಿಕೊಂಡು ಹೋದರು, ಆಯಿತು," ಎಂದರು ಅವರು ನಮ್ಮೊಡನೆ. "ಈ ಸಲ ಎಲ್ಲವೂ ಗೊತ್ತು ಸ್ವಾಮಿ. ಅದೇ ಕಷ್ಟ."

ಈ ಮಾತನ್ನು ನಾವು ಬಹಳ ದಿನ ಮೆಲುಕುಹಾಕಿದೆವು. ಒಮ್ಮೆ ಅನುಭವಿಸಿದವನು ಎರಡನೆಯ ಸಲಕ್ಕೆ ಹೆಚ್ಚು ಧೈರ್ಯಶಾಲಿಯಾಗುವನೆಂದು ಹೊರಗಿನವರು ತಿಳಿಯುತ್ತಾರೆ. "ನಿಮಗೇನು, ಅಭ್ಯಾಸವಾಗಿದೆಯಲ್ಲ!" ಎಂದು ಬಂಧುಗಳು ಹೇಳುವುದುಂಟು. ಇದು ತಪ್ಪು ತಿಳಿವಳಿಕೆ. ಅನುಭವವು ಧೈರ್ಯವನ್ನು ಕೊಡುವಂತೆ ಭಯವನ್ನೂ ಕೊಡಬಲ್ಲದು. ಏಕೆಂದರೆ ಮೆದುಳು ನೆನಪಿಟ್ಟುಕೊಳ್ಳುವುದು ಆ ರಾತ್ರಿಯ ನೋವನ್ನು, ವಾಸನೆಯನ್ನು, ಬಾಯಾರಿಕೆಯನ್ನು. ಮುಂದೆ ನಡೆಯಲಿರುವುದು ಬೇರೆಯೇ ಒಂದು ಚಿಕಿತ್ಸೆಯೆಂಬುದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ನಮ್ಮ ಉಪಾಧ್ಯಾಯರಿಗೆ ಗೊತ್ತಿದ್ದುದು ಕಳೆದ ಶಸ್ತ್ರಚಿಕಿತ್ಸೆ. ಬರಲಿರುವುದರ ವಿಷಯವಾಗಿ ಅವರಿಗೆ ಗೊತ್ತಿದ್ದುದು ಅತ್ಯಲ್ಪ.

ಹಾಗಾದರೆ ಭಯಪಟ್ಟಾಗ ದೇಹದಲ್ಲಿ ನಡೆಯುವುದೇನು? ಮೆದುಳಿನ ಆಳದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗವೊಂದಿದೆ. ಅಪಾಯದ ಸುಳಿವು ಸಿಕ್ಕೊಡನೆ ಅದು ಹೈಪೊಥಲಮಸ್ ಎಂಬ ಕೇಂದ್ರವನ್ನು ಎಚ್ಚರಿಸುತ್ತದೆ. ಅಲ್ಲಿಂದ ನರಗಳ ಮೂಲಕ ಆಜ್ಞೆ ಹೊರಟು, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ಉಸಿರು ಮೇಲುಮೇಲಕ್ಕೆ ಬರುತ್ತದೆ, ಅಂಗೈ ಬೆವರುತ್ತದೆ, ರಕ್ತವು ಕರುಳನ್ನು ಬಿಟ್ಟು ತೋಳು ತೊಡೆಗಳ ಕಡೆಗೆ ಹರಿಯುತ್ತದೆ. 'ಹೋರು, ಇಲ್ಲವೆ ಓಡು' ಎಂಬ ಈ ಸಿದ್ಧತೆಯನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾನನ್ 1915ರ ತನ್ನ ಗ್ರಂಥದಲ್ಲಿ ವಿವರಿಸಿದನು. ಹುಲಿ ಎದುರಾದಾಗ ಇದು ಬಹಳ ಉಪಯುಕ್ತ. ಆದರೆ ಶಸ್ತ್ರಚಿಕಿತ್ಸೆಯ ತಾರೀಕು ಹುಲಿಯಲ್ಲ. ಅದರೊಡನೆ ಹೋರುವಂತಿಲ್ಲ, ಓಡುವಂತೆಯೂ ಇಲ್ಲ. ಮೂರು ವಾರ ಕಾಯಬೇಕು. ಅಷ್ಟು ದಿನವೂ ಎದೆ ನಗಾರಿಯಂತೆ ಬಡಿಯುತ್ತಿರುತ್ತದೆ.

ಕ್ಯಾನನ್ನನು ಈ ವಿಷಯಕ್ಕೆ ಬಂದುದೇ ಕರುಳಿನ ದಾರಿಯಿಂದ ಎಂಬುದು ಸ್ವಾರಸ್ಯದ ಸಂಗತಿ. ಕ್ಷ-ಕಿರಣಗಳು ಆಗತಾನೆ ಬೆಳಕಿಗೆ ಬಂದಿದ್ದುವು. ವಿದ್ಯಾರ್ಥಿಯಾಗಿದ್ದ ಅವನು ಬೆಕ್ಕುಗಳಿಗೆ ಬಿಸ್ಮತ್ ಲವಣ ಬೆರೆಸಿದ ಆಹಾರವನ್ನು ತಿನ್ನಿಸಿ, ಜಠರದ ಅಲೆಗಳನ್ನು ಕ್ಷ-ಕಿರಣಗಳ ಮೂಲಕ ನೋಡುತ್ತಿದ್ದನು. ಬೆಕ್ಕು ಗಾಬರಿಗೊಂಡಾಗಲೆಲ್ಲ ಆ ಅಲೆಗಳು ನಿಂತುಹೋಗುತ್ತಿದ್ದುವು. ಅದು ಶಾಂತವಾದೊಡನೆ ಮತ್ತೆ ಮೊದಲಾಗುತ್ತಿದ್ದುವು. 1898ರಲ್ಲಿ ಇದನ್ನು ಪ್ರಕಟಿಸಿದನು.

ಮನುಷ್ಯರಲ್ಲಿ ಇದನ್ನು ಕಣ್ಣಾರೆ ಕಾಣುವ ಅವಕಾಶ ಅಪರೂಪವಾಗಿ ಒದಗಿದೆ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಗುಂಡೇಟು ತಗುಲಿದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನ ಗಾಯ ಮಾಯಿದರೂ ಜಠರಕ್ಕೆ ಒಂದು ಕಿಂಡಿ ಹಾಗೆಯೇ ಉಳಿಯಿತು. ಸೇನಾವೈದ್ಯ ವಿಲಿಯಂ ಬ್ಯೂಮಂಟನು ಅದರ ಮೂಲಕ ವರ್ಷಗಟ್ಟಲೆ ಜೀರ್ಣಕ್ರಿಯೆಯನ್ನು ಪರೀಕ್ಷಿಸಿ 1833ರಲ್ಲಿ ಗ್ರಂಥ ಬರೆದನು. ಸಿಟ್ಟು, ಭಯಗಳು ಜಠರದ ಒಳಪೊರೆಯ ಬಣ್ಣವನ್ನೂ ರಸವನ್ನೂ ಮಾರ್ಪಡಿಸುವುದನ್ನು ಅವನು ಗುರುತಿಸಿದ್ದನು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಅಧ್ಯಯನವೊಂದಿದೆ. ದೊಡ್ಡ ಕರುಳಿನ ಭಾಗ ಹೊರಕ್ಕೆ ತೆರೆದಿದ್ದ ನಾಲ್ವರನ್ನು ನ್ಯೂಯಾರ್ಕಿನ ಗ್ರೇಸ್, ವುಲ್ಫ್, ವುಲ್ಫ್ ಎಂಬ ಮೂವರು ವೈದ್ಯರು (ಕೊನೆಯ ಇಬ್ಬರು ಬೇರೆ ಬೇರೆ ವ್ಯಕ್ತಿಗಳು) ದೀರ್ಘಕಾಲ ನೋಡಿ 1951ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮನಸ್ಸು ಕೆರಳಿದಾಗ ಕರುಳು ಕೆಂಪೇರಿ ಚುರುಕಾಗುತ್ತಿತ್ತು. ಎದೆಗುಂದಿದಾಗ ಬಿಳಿಚಿ ಮಂದವಾಗುತ್ತಿತ್ತು. ಎಂದ ಮೇಲೆ, ಶಸ್ತ್ರಚಿಕಿತ್ಸೆ ಹತ್ತಿರವಾದಂತೆ ತನ್ನ ಚೀಲ ಬೇಗ ತುಂಬುತ್ತಿದೆ, ಸ್ಟೋಮ ಗುಡುಗುಡು ಎನ್ನುತ್ತಿದೆ ಎಂದು ಒಬ್ಬನು ಹೇಳಿದರೆ ಅದನ್ನು ಭ್ರಮೆಯೆಂದು ತಳ್ಳಿಹಾಕತಕ್ಕದ್ದಲ್ಲ. ಇತರರ ಕಳವಳ ಹೊಟ್ಟೆಯ ಒಳಗೆ ನಡೆಯುತ್ತದೆ. ಇವರದು ಹೊರಗೆ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನು ಸ್ಟೋಮವನ್ನು ಸರಿಪಡಿಸಬೇಕಾಗಿ ಬರುವುದೇಕೆ? ಕಾರಣಗಳು ಹಲವು. ಉಪಾಧ್ಯಾಯರಿಗೆ ಆದಂತೆ ಅದು ಒಳಕ್ಕೆ ಸರಿಯಬಹುದು. ತದ್ವಿರುದ್ಧವಾಗಿ ಕರುಳು ಹೊರಕ್ಕೆ ಜಾರಿ ಉದ್ದವಾಗಬಹುದು. ಬಾಯಿ ಕಿರಿದಾಗಿ ದಾರಿ ಮುಚ್ಚುತ್ತ ಬರಬಹುದು. ಪಕ್ಕದ ಸ್ನಾಯುಗಳ ನಡುವಿನ ಸಂದಿಯಲ್ಲಿ ಬೇರೆ ಕರುಳು ನುಗ್ಗಿ ಹರ್ನಿಯ ಉಂಟಾಗಬಹುದು. ಇವುಗಳಲ್ಲಿ ಹರ್ನಿಯ ಬಹಳ ಸಾಮಾನ್ಯ. ಆದರೆ ಹರ್ನಿಯ ಇದ್ದವರಿಗೆಲ್ಲ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.

ಒಂದು ಕಾಲದಲ್ಲಿ ಇಲಿಯಾಸ್ಟಮಿ ಎಂದರೆ ಮತ್ತೆ ಮತ್ತೆ ಕತ್ತಿಗೆ ಮೈಯೊಡ್ಡುವುದೆಂದೇ ಅರ್ಥವಾಗಿತ್ತು. ಹೊರಕ್ಕೆ ತಂದ ಕರುಳಿನ ತುದಿಯನ್ನು ಹಾಗೆಯೇ ಬಿಡುತ್ತಿದ್ದರು. ಅದರ ಹೊರಮೈ ಜೀರ್ಣರಸಗಳಿಗೆ ಸಿಕ್ಕಿ ಉರಿಯೂತವಾಗಿ, ಗಾಯ ಮಾಯುವಾಗ ಬಾಯಿ ಸುರುಟಿಕೊಳ್ಳುತ್ತಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ರಯನ್ ಬ್ರೂಕ್ ಎಂಬ ಶಸ್ತ್ರವೈದ್ಯನು 1952ರಲ್ಲಿ ಬಹು ಸರಳವಾದ ಉಪಾಯವನ್ನು ಪ್ರಕಟಿಸಿದನು. ಅಂಗಿಯ ತೋಳಿನ ತುದಿಯನ್ನು ಹೊರಕ್ಕೆ ಮಡಿಚುವಂತೆ ಕರುಳಿನ ತುದಿಯನ್ನು ಮಡಿಚಿ ಚರ್ಮಕ್ಕೆ ಹೊಲಿದುಬಿಡುವುದು! ಒಳಪೊರೆಯೇ ಹೊರಗಾಗುವುದರಿಂದ ರಸಗಳು ಅದಕ್ಕೆ ಏನನ್ನೂ ಮಾಡಲಾರವು. ಮೂತಿಯಂತೆ ಮೇಲೆದ್ದ ಬಾಯಿಯಿಂದ ದ್ರವ ನೇರವಾಗಿ ಚೀಲಕ್ಕೆ ಬೀಳುತ್ತದೆ. ಇಂದಿಗೂ ಬಳಕೆಯಲ್ಲಿರುವುದು ಈ ಮಡಿಕೆಯೇ.

ಅದೇ ಸುಮಾರಿಗೆ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ರೂಪರ್ಟ್ ಟರ್ನ್‌ಬುಲ್ ಎಂಬ ಶಸ್ತ್ರವೈದ್ಯನು ಸ್ಟೋಮದ ಸುತ್ತಲಿನ ಚರ್ಮವನ್ನು ಕಾಪಾಡಲು ಕರಾಯ ಎಂಬ ಅಂಟಿನ ಪುಡಿಯನ್ನು ಬಳಕೆಗೆ ತಂದನು. ಕೃತಕ ದಂತಪಂಕ್ತಿಗಳನ್ನು ಕೂರಿಸಲು ಬಳಸುತ್ತಿದ್ದ ಈ ಅಂಟು ನಮ್ಮ ದೇಶದ ಒಣ ಕಾಡುಗಳ ಮರವೊಂದರಿಂದ ಒಸರುವುದೆಂಬುದನ್ನು ಇಲ್ಲಿ ಜ್ಞಾಪಿಸಬಹುದು. ಅವನ ರೋಗಿಯಾಗಿದ್ದ ನಾರ್ಮಾ ಗಿಲ್ ಎಂಬಾಕೆಗೂ ಇಲಿಯಾಸ್ಟಮಿ ಆಗಿತ್ತು. ಟರ್ನ್‌ಬುಲ್ಲನು 1958ರಲ್ಲಿ ಆಕೆಯನ್ನೇ ಆಸ್ಪತ್ರೆಯಲ್ಲಿ ಇಂತಹ ರೋಗಿಗಳ ಆರೈಕೆಗೆ ನಿಯಮಿಸಿಕೊಂಡನು. ಶಸ್ತ್ರಚಿಕಿತ್ಸೆಗೆ ಕಾದಿರುವವನ ಹಾಸಿಗೆಯ ಬಳಿ, ಅದನ್ನು ದಾಟಿ ಬಂದವರೊಬ್ಬರು ಸೀರಾಗಿ ಉಡುಪು ತೊಟ್ಟು ಬಂದು ನಿಲ್ಲುವುದಕ್ಕೆ ಸಮನಾದ ಔಷಧವನ್ನು ನಾವು ಬೇರೆ ಕಾಣೆವು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಸ್ಟೋಮದ ಆರೈಕೆಯಲ್ಲಿ ತರಬೇತಿ ಪಡೆದ ದಾದಿಯರಿದ್ದಾರೆ. ರೋಗಿಗಳೇ ಕಟ್ಟಿಕೊಂಡ ಸಂಘಗಳೂ ಇವೆ.

ಸಮಾಧಾನದ ಮಾತಿನಿಂದ ನಿಜವಾಗಿ ಪ್ರಯೋಜನವುಂಟೆ? ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಲಾರೆನ್ಸ್ ಎಗ್ಬರ್ಟ್ ಎಂಬ ಅರಿವಳಿಕೆಯ ವೈದ್ಯನೂ ಅವನ ಸಂಗಡಿಗರೂ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದ 97 ರೋಗಿಗಳನ್ನು ಎರಡು ಗುಂಪು ಮಾಡಿದರು. ಅರಿವಳಿಕೆಯ ವಿಚಾರವನ್ನು ಎಲ್ಲರಿಗೂ ಹೇಳಿದರು. ಒಂದು ಗುಂಪಿಗೆ ಮಾತ್ರ ಹೆಚ್ಚಾಗಿ ಹೇಳಿದುದು ಇಷ್ಟು: ಎಚ್ಚರವಾದಾಗ ಎಲ್ಲಿ ನೋಯುವುದು, ಎಷ್ಟು ನೋಯುವುದು, ಎಷ್ಟು ಕಾಲ ಇರುವುದು, ಆ ನೋವು ಬಹುಮಟ್ಟಿಗೆ ಗಾಯದ ಕೆಳಗಿನ ಸ್ನಾಯುಗಳು ಬಿಗಿಯುವುದರಿಂದ ಬರತಕ್ಕದ್ದು, ಉಸಿರನ್ನು ನಿಧಾನವಾಗಿ ಎಳೆದು ಮೈ ಸಡಿಲಿಸಿದರೆ ಅದು ಕಡಿಮೆಯಾಗುವುದು, ಮಗ್ಗುಲಾಗುವಾಗ ಹೊಟ್ಟೆಗೆ ಶ್ರಮ ಕೊಡದೆ ಕೈಕಾಲುಗಳನ್ನು ಊರಿಕೊಳ್ಳುವುದು ಹೇಗೆ. ಯಾರು ಯಾವ ಗುಂಪಿನವರೆಂದು ಶಸ್ತ್ರವೈದ್ಯರಿಗೆ ತಿಳಿಸಿರಲಿಲ್ಲ. 1964ರಲ್ಲಿ ಫಲ ಪ್ರಕಟವಾಯಿತು. ಮುಂದಾಗಿ ತಿಳಿದಿದ್ದವರಿಗೆ ಬೇಕಾದ ನೋವಿನ ಮದ್ದು ಸುಮಾರು ಅರ್ಧದಷ್ಟಾಗಿತ್ತು; ಅವರನ್ನು ಇತರರಿಗಿಂತ ಸರಾಸರಿ 2.7 ದಿನ ಮೊದಲೇ ಮನೆಗೆ ಕಳುಹಿಸಲಾಗಿತ್ತು. "ನೋವೇ ಆಗುವುದಿಲ್ಲ" ಎಂಬ ಸುಳ್ಳನ್ನು ಅವರಿಗೆ ಯಾರೂ ಹೇಳಿರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಯೇಲ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಇರ್ವಿಂಗ್ ಜ್ಯಾನಿಸ್ 1958ರಲ್ಲಿ ಇದಕ್ಕಿಂತ ಸ್ವಲ್ಪ ಬೇರೆಯಾದ ವಾದವನ್ನು ಮುಂದಿಟ್ಟಿದ್ದನು: ಸ್ವಲ್ಪವೂ ಹೆದರದವರೂ ಅತಿಯಾಗಿ ಹೆದರಿದವರೂ ಶಸ್ತ್ರಚಿಕಿತ್ಸೆಯ ಬಳಿಕ ಹೆಚ್ಚು ಕಷ್ಟಪಡುತ್ತಾರೆ, ಮಧ್ಯಮವಾಗಿ ಹೆದರಿದವರು ಮುಂದಾಗಿಯೇ ಮನಸ್ಸನ್ನು ಹದಗೊಳಿಸಿಕೊಂಡಿರುವುದರಿಂದ ಸುಧಾರಿಸಿಕೊಳ್ಳುತ್ತಾರೆ. ಕೇಳಲು ಇದು ಬಹಳ ಅಂದವಾದ ಸಿದ್ಧಾಂತ. ಆದರೆ ಆಮೇಲಿನ ಅಧ್ಯಯನಗಳು ಇದನ್ನು ಎತ್ತಿಹಿಡಿಯಲಿಲ್ಲ; ಭಯ ಹೆಚ್ಚಿದಷ್ಟೂ ನಂತರದ ನೋವೂ ಹೆಚ್ಚೆಂಬುದೇ ಸಾಮಾನ್ಯವಾಗಿ ಕಂಡುಬಂದಿದೆ. ಹೀಗಿರುವಲ್ಲಿ, ಹೆದರಿಕೆ ಒಳ್ಳೆಯದೆಂದು ರೋಗಿಯನ್ನು ಅವನ ಪಾಡಿಗೆ ಬಿಡುವುದು ನ್ಯಾಯವಲ್ಲ.

ಉಪಾಧ್ಯಾಯರ ಮಗಳು ಕಾಲೇಜಿನಲ್ಲಿ ಓದುವವಳು. "ಅಪ್ಪ, ನಿನಗೆ ಏನೇನು ಭಯವೋ ಅಷ್ಟನ್ನೂ ಪ್ರಶ್ನೆಯಾಗಿ ಹೇಳು, ಬರೆದುಕೊಳ್ಳುತ್ತೇನೆ," ಎಂದು ಒಂದು ಸಂಜೆ ಕಾಗದ ಹಿಡಿದು ಕುಳಿತಳು. ಹೊಟ್ಟೆಯನ್ನು ಮತ್ತೆ ಪೂರ್ತಿ ತೆರೆಯುವರೋ? ಸ್ಟೋಮದ ಜಾಗ ಬದಲಾಗುವುದೋ? ಎಚ್ಚರವಾದಾಗ ಮೂಗಿನಲ್ಲಿ ನಳಿಕೆ ಇರುವುದೋ? (ಮೊದಲ ಸಲ ಅವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಅದು.) ರಾತ್ರಿ ನೋವಾದರೆ ಯಾರನ್ನು ಕೂಗುವುದು? ಚೀಲವನ್ನು ಮೊದಲ ದಿನ ಯಾರು ಬದಲಾಯಿಸುವರು? ಮತ್ತೆ ಒಳಕ್ಕೆ ಸರಿದರೆ? ಹನ್ನೊಂದು ಪ್ರಶ್ನೆಗಳಾದುವು. ವೈದ್ಯರು ಎಲ್ಲವನ್ನೂ ಓದಿ ಉತ್ತರ ಹೇಳಿದರಂತೆ. ಸ್ಟೋಮದ ಸುತ್ತಲಿನ ಚರ್ಮವನ್ನು ಮಾತ್ರ ಬಿಡಿಸಿ, ಕರುಳನ್ನು ಮೇಲಕ್ಕೆಳೆದು, ಹೊಸದಾಗಿ ಮಡಿಚಿ ಹೊಲಿಯುವುದು ಉದ್ದೇಶ. ಅದು ಸಾಧ್ಯವಾಗದಿದ್ದರೆ ಮಾತ್ರ ಹೊಟ್ಟೆ ತೆರೆಯಬೇಕಾದೀತು. ಕೊನೆಯ ಪ್ರಶ್ನೆಗೆ, "ಸರಿಯುವ ಸಂಭವ ಉಂಟು, ಇಲ್ಲವೆಂದು ಹೇಳಲಾರೆ," ಎಂದರಂತೆ. ಆಶ್ಚರ್ಯವೆಂದರೆ, ಈ ಉತ್ತರವನ್ನು ಕೇಳಿದ ರಾತ್ರಿ ಉಪಾಧ್ಯಾಯರಿಗೆ ಸ್ವಲ್ಪ ನಿದ್ರೆ ಬಂತು.

ಜಾಗ ಬದಲಾಯಿಸಬೇಕಾಗಿ ಬಂದರೆ ಎಂದು ದಾದಿ ಅವರ ಹೊಟ್ಟೆಯ ಮೇಲೆ ಮುಂದಾಗಿಯೇ ಗುರುತು ಹಾಕಿದಳು. ಇದು ಕ್ಷುಲ್ಲಕವಾಗಿ ಕಂಡರೂ ಬಹು ಮುಖ್ಯವಾದ ಕೆಲಸ. ಮಲಗಿರುವಾಗ ಸಮತಟ್ಟಾಗಿ ಕಾಣುವ ಹೊಟ್ಟೆ ಕುಳಿತೊಡನೆ ಮಡಿಕೆಯಾಗುತ್ತದೆ. ಆದುದರಿಂದ ರೋಗಿಯನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಬೇಕು. ಪಂಚೆಯ ಗಂಟು, ಸೀರೆಯ ನೆರಿಗೆ ಎಲ್ಲಿ ಬೀಳುವುದೆಂಬುದನ್ನೂ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ರೂಢಿಯುಂಟೋ ಎಂಬುದನ್ನೂ ನಮ್ಮವರು ಕೇಳದಿದ್ದರೂ ಹೇಳಬೇಕು. ರೋಗಿ ತನ್ನ ಕಣ್ಣಿಂದ ಕಾಣಲಾರದ ಜಾಗದಲ್ಲಿ ಸ್ಟೋಮವಿದ್ದರೆ ಚೀಲ ಅಂಟಿಸಲು ಸದಾ ಇನ್ನೊಬ್ಬರ ಕೈ ಕಾಯಬೇಕಾಗುತ್ತದೆ.

ಉಸಿರಾಟದ ವಿಷಯವನ್ನು ಓದುಗರು ಈಗಲೇ ಪರೀಕ್ಷಿಸಿ ನೋಡಬಹುದು. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರೆಳೆದು, ಅದಕ್ಕಿಂತಲೂ ನಿಧಾನವಾಗಿ ಬಿಡಿ. ಎಳೆಯುವಾಗ ನಾಡಿ ತುಸು ಚುರುಕಾಗಿ, ಬಿಡುವಾಗ ಮಂದವಾಗುವುದು ತರುಣರಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ಹೃದಯಕ್ಕೆ ಕಡಿವಾಣದಂತಿರುವ ವೇಗಸ್ ನರದ ಕೆಲಸ ಇದು. ಹೃದಯವನ್ನು ನಿಧಾನಿಸೆಂದು ನಾವು ಆಜ್ಞಾಪಿಸಲಾರೆವು, ಉಸಿರನ್ನು ಆಜ್ಞಾಪಿಸಬಲ್ಲೆವು, ಉಸಿರು ಹೃದಯವನ್ನು ಒಲಿಸುತ್ತದೆ. ಮಿನಿಟಿಗೆ ಆರರಂತೆ ಹತ್ತು ಮಿನಿಟು ಉಸಿರಾಡುವುದನ್ನು ಶಸ್ತ್ರಚಿಕಿತ್ಸೆಗೆ ಎರಡು ವಾರ ಮುಂಚಿನಿಂದಲೇ ರೂಢಿಸಿಕೊಳ್ಳಬೇಕು. ಹಿಂದಿನ ರಾತ್ರಿ ಹೊಸದಾಗಿ ಕಲಿಯಲು ಹೋದರೆ ಬರುವುದಿಲ್ಲ. ಸಂಗೀತ ಕೇಳುವುದರಿಂದಲೂ ಕಳವಳ ಇಳಿಯುವುದು ಪರೀಕ್ಷೆಗಳಲ್ಲಿ ಕಂಡಿದೆ. ಇವಾವುದರಿಂದಲೂ ಆಗದೆ ನಿದ್ರೆ, ಊಟ ಎರಡೂ ಕೆಟ್ಟರೆ ವೈದ್ಯರಿಗೆ ಹೇಳಿ ಮಾತ್ರೆ ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ. ಹಿಂದಿನ ರಾತ್ರಿಯಿಂದ ನೀರೂ ಕೂಡದೆಂಬ ಹಳೆಯ ಕಟ್ಟಳೆ ಈಗ ಬಹುಮಟ್ಟಿಗೆ ಸಡಿಲಗೊಂಡಿದೆ. ಗಟ್ಟಿ ಆಹಾರವನ್ನು ಆರು ಗಂಟೆ ಮುಂಚೆಯೂ ತಿಳಿಯಾದ ಪಾನೀಯವನ್ನು ಎರಡು ಗಂಟೆ ಮುಂಚೆಯೂ ನಿಲ್ಲಿಸಿದರೆ ಸಾಕೆಂಬುದು ಸಾಮಾನ್ಯ ನಿಯಮ. ಆದರೂ ಆಯಾ ರೋಗಿಗೆ ಅರಿವಳಿಕೆಯ ವೈದ್ಯರು ಹೇಳಿದುದೇ ಪ್ರಮಾಣ.

ಶಸ್ತ್ರಚಿಕಿತ್ಸೆ ಆದ ಮೇಲೆ ಭಯಕ್ಕೆ ಹೊಸ ವಿಷಯಗಳು ದೊರೆಯುತ್ತವೆ. ಚೀಲ ಖಾಲಿಯಾಗಿಯೇ ಇರುವುದು ಅವುಗಳಲ್ಲೊಂದು. ಕೈಯಾಡಿಸಿದ ಕರುಳು ಕೆಲಕಾಲ ಮುನಿಸಿಕೊಂಡಂತೆ ಸುಮ್ಮನಿರುತ್ತದೆ: ಸಣ್ಣ ಕರುಳು ಒಂದು ದಿನದೊಳಗೆ ಎಚ್ಚರಗೊಂಡರೆ, ದೊಡ್ಡ ಕರುಳಿಗೆ ಮೂರರಿಂದ ಐದು ದಿನ ಹಿಡಿಯಬಹುದು. ಮೊದಲು ಬರುವುದು ಗಾಳಿ. ಹೊಸ ಸ್ಟೋಮ ಊದಿಕೊಂಡು ದೊಡ್ಡದಾಗಿ ಕಾಣುವುದು ಮತ್ತೊಂದು. ಆರರಿಂದ ಎಂಟು ವಾರಗಳಲ್ಲಿ ಅದು ಕುಗ್ಗುತ್ತ ಬರುವುದರಿಂದ ಆಗಾಗ ಅಳತೆ ಮಾಡಿ ಚೀಲದ ರಂಧ್ರವನ್ನು ಕತ್ತರಿಸಿಕೊಳ್ಳಬೇಕು. ಹಳೆಯ ಅಳತೆಯನ್ನೇ ಹಿಡಿದರೆ ಮತ್ತೆ ಸೋರಿಕೆ ತಪ್ಪದು. ಎದ್ದು ನಡೆಯುವುದನ್ನು ಬೇಗ ಮೊದಲುಮಾಡಬೇಕು. ಕೆಮ್ಮುವಾಗ ಹೊಟ್ಟೆಗೆ ದಿಂಬನ್ನು ಅಪ್ಪಿಕೊಳ್ಳಬೇಕು. ಭಾರವನ್ನು ಮಾತ್ರ ವೈದ್ಯರು ಹೇಳುವವರೆಗೆ ಎತ್ತಕೂಡದು. ಏಕೆಂದರೆ ಮಾಯಿದ ಗಾಯ ಮೇಲೆ ಗಟ್ಟಿಯಾಗಿ ಕಂಡರೂ, ಮೂರು ತಿಂಗಳ ಮೇಲೂ ಅದರ ಬಲ ಮೊದಲಿನ ಚರ್ಮದ ಬಲದಲ್ಲಿ ನೂರಕ್ಕೆ ಸುಮಾರು 80ರಷ್ಟೇ.

ನಿಜವಾಗಿ ಹೆದರಬೇಕಾದ ಸಂಗತಿಗಳು ಕೆಲವಿವೆ. ಅವನ್ನು ತಿಳಿದಿದ್ದರೆ ಉಳಿದುವಕ್ಕೆ ಹೆದರುವುದು ತಪ್ಪುತ್ತದೆ. ಸ್ಟೋಮ ಕಪ್ಪಾದರೆ, ವಾಂತಿ ಮತ್ತು ಹೊಟ್ಟೆನೋವಿನೊಡನೆ ಚೀಲಕ್ಕೆ ಏನೂ ಬಾರದಿದ್ದರೆ, ಜ್ವರ ಬಂದರೆ, ರಕ್ತ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಲಿಯಾಸ್ಟಮಿಯವರಿಗೆ ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ದ್ರವ ಹೋಗುತ್ತಿದ್ದರೆ ಅದೂ ಅಪಾಯ. ನೀರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರು ಕುಡಿದರೆ ಸಾಲದು. ಸಕ್ಕರೆಯ ಜೊತೆಗೂಡಿದಾಗ ಉಪ್ಪನ್ನು ಕರುಳು ಚೆನ್ನಾಗಿ ಹೀರಿಕೊಳ್ಳುತ್ತದೆಂಬ ತತ್ತ್ವದ ಮೇಲೆ ಮಾಡಿದ, ಅತಿಸಾರಕ್ಕೆ ಕೊಡುವ ಪೊಟ್ಟಣದ ಪುಡಿಯೇ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಅನ್ನದ ಗಂಜಿ ದ್ರವವನ್ನು ಮಂದಗೊಳಿಸುತ್ತದೆ.

ಉಪಾಧ್ಯಾಯರ ಹೊಟ್ಟೆಯನ್ನು ತೆರೆಯಬೇಕಾಗಲಿಲ್ಲ. ಮೂಗಿನಲ್ಲಿ ನಳಿಕೆ ಇರಲಿಲ್ಲ. ಮೂರನೆಯ ದಿನ ಮಾತ್ರ ಕಾರಣವಿಲ್ಲದೆ ಅಳು ಬಂತೆಂದು ಅವರೇ ಹೇಳಿದರು. ಅಪಾಯ ದಾಟಿದ ಮೇಲೆ ಹೀಗಾಗುವುದು ಅಪರೂಪವಲ್ಲ. ಒಂಬತ್ತನೆಯ ವಾರ ಶಾಲೆಗೆ ಹಿಂದಿರುಗಿದರು; ಮೇಜಿನ ಖಾನೆಯಲ್ಲಿ ಒಂದು ಹೆಚ್ಚಿನ ಚೀಲವನ್ನು ಈಗಲೂ ಇಟ್ಟಿರುತ್ತಾರೆ. ಮಗಳು ಬರೆದ ಆ ಹನ್ನೊಂದು ಪ್ರಶ್ನೆಗಳ ಕಾಗದವನ್ನು ಈ ಲೇಖನಕ್ಕಾಗಿ ನೋಡಬೇಕೆಂದು ನಾವು ಕೇಳಿದೆವು. ಅದು ಅವರ ಬಳಿ ಇರಲಿಲ್ಲ. ಪಕ್ಕದ ಹಾಸಿಗೆಯಲ್ಲಿದ್ದ ಮುದುಕರೊಬ್ಬರು, ಮರುದಿನ ತಮ್ಮ ಸರದಿಯೆಂದು, ಕೇಳಿ ಇಟ್ಟುಕೊಂಡರಂತೆ.